ಮೇಷ್ಟ್ರು ನಿದ್ದೆ ಬಿಟ್ಟ ವಾರ

೧೯೩೯ನೇ ಇಸವಿ ಅಕ್ಟೋಬರ್ ಒಂಬತ್ತು, ಸೋಮವಾರ, ಬೆಳಿಗ್ಗೆ ಎಂಟೂಕಾಲು. ಆತಗೂರಿನ ಪಟೇಲ ಮರಿಸಿದ್ದಯ್ಯ ಮದ್ದೂರು ಠಾಣೆಗೆ ಏದುಸಿರು ಬಿಡುತ್ತ ಬಂದ.

"ವರದರಾಜ ಮೇಷ್ಟ್ರು ದೊಡ್ಡಿ ಬೀಗ ಒಡ್ದಾಕವ್ರೆ ಸ್ವಾಮಿ. ಕೂಡಾಕಿದ್ದ ದನವೆಲ್ಲಾ ನನ್ ಕಬ್ಬಿಗೆ ನುಗ್ಗವೆ."

ಇನ್ಸ್‌ಪೆಕ್ಟರ್ ಸಂಪತ್ ಕುಮಾರರಿಗೆ ಪಟೇಲರೆಂದರೆ ತಾತ್ಸಾರ, ಕುಡುಕ ಮೇಷ್ಟ್ರುಗಳೆಂದರೆ ಹೇಸಿಗೆ. ಕುಡಿದೇ ಮಾಡಿದ್ದೆಂದು ಮನಸ್ಸಿನಲ್ಲೇ ತೀರ್ಮಾನಿಸಿ ಎಫ್‌ಐಆರ್ ಬರೆಸಿದರು.

ಹನ್ನೊಂದಕ್ಕೆ ಪಂಚನಾಮೆ. ಮುರಿದ ಬೀಗ, ಪಕ್ಕದಲ್ಲೊಂದು ಹಾರೆ. ಮೇಷ್ಟ್ರು ಓಡಿಹೋಗಿರಲಿಲ್ಲ, ದೊಡ್ಡಿಯ ಗೋಡೆ ಹತ್ತಿ ಭಾಷಣ ಮಾಡುತ್ತಿದ್ದರು. ಊರಿಗೆ ಊರೇ ಹಲ್ಲುಕಿಸಿದು ಚಪ್ಪಾಳೆ ತಟ್ಟುತ್ತಿತ್ತು.

"ಒಡೆದದ್ದು ಯಾರು?"

"ನಾನೇ! ಮಳವಳ್ಳಿಯವರೆಗೂ ಒಂದು ದೊಡ್ಡಿ ಉಳಿಸೋದಿಲ್ಲ. ಮಹಾರಾಜರಿಗೆ ಬರೆದಿದ್ದೇನೆ. ನಿಮಗೂ ಬಡ್ತಿ ಕೊಡಿಸ್ತೇನೆ!"

ಕಾನ್‌ಸ್ಟೇಬಲ್ ಅಂಕಯ್ಯ ಅವರ ಬಾಯಿ ಮೂಸಿದ. "ವಾಸ್ನೆ ಇಲ್ಲ ಸ್ವಾಮಿ. ದೆವ್ವ ಮೆಟ್ಕೊಂಡೈತೆ."

"ದೆವ್ವಕ್ಕೆ ಹಾರೆ ಕೊಟ್ಟವರು ಯಾರು, ಹೋಗಿ ವಿಚಾರಿಸು."

ಮಧ್ಯಾಹ್ನ ಮೇಷ್ಟರ ಹೆಂಡತಿ ಕನಕಲಕ್ಷ್ಮಿಯ ಹೇಳಿಕೆ.

"ಅವರು ನಿದ್ದೆ ಮಾಡಿ ಎಷ್ಟು ದಿನವಾಯಿತು?"

"ಆರು ದಿನ. ಆಯಾಸವೇ ಇಲ್ಲ, ಮಾತೂ ನಿಲ್ಲೋದಿಲ್ಲ."

"ಮುಂಚೆ ಹೀಗಾಗಿತ್ತೇ?"

"ಹೋದ ವರ್ಷ ಮಳವಳ್ಳಿ ಶಾಲೇಲಿದ್ದಾಗ. ಆಮೇಲೆ ಎರಡು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಬಾವಿ ಹಗ್ಗ ಬಚ್ಚಿಡ್ತಿದ್ದೆ."

ಬರೆಯುತ್ತಿದ್ದ ಕೈ ನಿಂತಿತು. ಇದು ಕುಡಿತವಲ್ಲ, ಕೊಬ್ಬೂ ಅಲ್ಲ; ಮನಸ್ಸನ್ನು ಮುಗಿಲಿಗೇರಿಸಿ ಪಾತಾಳಕ್ಕೆ ಎಸೆಯುವ ಕಾಯಿಲೆ. ಬೆಳಿಗ್ಗೆಯ ತಮ್ಮ ತೀರ್ಮಾನ ನೆನೆದು ಇನ್ಸ್‌ಪೆಕ್ಟರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

"ಊರಲ್ಲಿ ಇದು ಯಾರಿಗೆ ಗೊತ್ತು?"

"ಗಾಡಿ ಪುಟ್ಟಸ್ವಾಮಿಗೆ ಮಾತ್ರ. ಮಳವಳ್ಳಿಯಿಂದ ನಮ್ಮ ಸಾಮಾನು ತಂದವನು. ಇವರು ನಿದ್ದೆ ಬಿಟ್ಟು ತಿರುಗೋದು ಕಂಡರೆ ಮನೆಗೆ ಕರಕೊಂಡು ಬಾರಪ್ಪಾ ಅಂತ ಕೇಳಿಕೊಂಡಿದ್ದೆ."

"ಕರಕೊಂಡು ಬಂದನೇ?"

ಆಕೆ ತಲೆಯಾಡಿಸಿದಳು, ಇಲ್ಲವೆಂದು.

ಅಷ್ಟರಲ್ಲಿ ಅಂಕಯ್ಯ ಬಂದ. ಹಾರೆ ಪುಟ್ಟಸ್ವಾಮಿಯದೇ, ಅವನ ಜೋಡಿ ಎತ್ತನ್ನು ಪಟೇಲ ದೊಡ್ಡಿಗೆ ಹಾಕಿಸಿದ್ದ.

ನಾಲ್ಕು ಗಂಟೆಗೆ ಪುಟ್ಟಸ್ವಾಮಿಗೆ ಕೋಳ ಬಿತ್ತು.

"ಯಾಕೋ ಮಾಡಿದೆ?"

"ಪಟೇಲನ ಕಬ್ಬು ಆಳಾಗ್ಲಿ ಅಂತ. ಮೇಷ್ಟ್ರು ಇಂಗಿದ್ದಾಗ ಏನೇಳಿದ್ರೂ ಮಾಡ್ತರೆ ಸ್ವಾಮಿ. ನಾನು ಒಸಿ ಉಬ್ಬಿಸ್ದೆ, ಅಷ್ಟೇಯ." ತನ್ನ ಜಾಣತನಕ್ಕೆ ತಾನೇ ನಕ್ಕ.

ಇನ್ಸ್‌ಪೆಕ್ಟರ್ ಉಗುಳಲೂ ಮನಸ್ಸಾಗದೆ ಮುಖ ತಿರುಗಿಸಿದರು. ಮೇಷ್ಟರನ್ನು ಹೆಂಡತಿಯ ಜೊತೆ ಮಂಡ್ಯದ ಡಾಕ್ಟರ ಬಳಿ ಕಳಿಸಿ, ಸಂಜೆ ಡೈರಿಯಲ್ಲಿ ಬರೆದರು: ಕಾರಣ, ಪಟೇಲನ ಮೇಲಿನ ಹಗೆ. ಹೆಂಡತಿಯನ್ನು ಬಿಟ್ಟರೆ ಇಡೀ ಆತಗೂರಿನಲ್ಲಿ ಮೇಷ್ಟರ ಕಾಯಿಲೆಯನ್ನು ಸರಿಯಾಗಿ ಗುರುತು ಹಿಡಿದವನು ಆರೋಪಿಯೊಬ್ಬನೇ.