ನಮಗಿಂತ ಮುಂಚೆ ಬಾಗಿಲು ತಟ್ಟಿದವನು

"ಇನ್ನೊಬ್ಬ ಹುಡುಗ ಆಗಲೇ ಬಂದು ಹೋದ್ನಲ್ಲ ಮಗಾ!" ಎಂದರು ಕ್ವೀನಿ ಮೇಬ್ರಿ, ಜಾಲರಿ ಬಾಗಿಲನ್ನು ಅರ್ಧ ಮಾತ್ರ ತೆರೆದು.

ನಾನು ಮೆಟ್ಟಿಲ ಮೇಲೆ ಪೆಚ್ಚಾಗಿ ನಿಂತೆ. ಆ ಮಂಗಳವಾರ ಬೆಳಗಿನಿಂದ ಇದು ನಾಲ್ಕನೇ ಬಾಗಿಲು. ನಾಲ್ಕರಲ್ಲೂ ಅದೇ ಮಾತು.

"ಯಾವಾಗ ಬಂದಿದ್ದ, ಮಿಸ್ ಕ್ವೀನಿ?"

"ಈಸ್ಟರ್‌ಗೆ ಮುಂಚೆ. ಆ ಸೆಕೇಲೂ ಟೈ ಕಟ್ಕೊಂಡಿದ್ದ, ಪಾಪ. ಪಾಲಿಸಿ ಮಾಡಿಸ್ಬಿಟ್ಟೆ."

ಈಸ್ಟರ್ ಮುಗಿದು ಮೂರು ವಾರವಾಗಿತ್ತು. ಇವರ ಕಾರ್ಡು ನನ್ನ ಕೈಗೆ ಬಂದದ್ದು ನಿನ್ನೆ. ಅದು ಆಫೀಸಿಗೆ ತಲುಪಿದ್ದೇ ಹೋದ ವಾರ ಎಂದು ಯಜಮಾನರು ಹೇಳಿದ್ದರು. ಹಾಗಾದರೆ ಇನ್ನೂ ಅಂಚೆಗೇ ಬೀಳದ ಕಾರ್ಡನ್ನು ಕದ್ದು ಓದಿದ ಮಹಾನುಭಾವ ಯಾರು?

ನಮ್ಮದು ಮಣ್ಣಿನ ಖರ್ಚಿನ ವಿಮೆ. ಪೆಟ್ಟಿಗೆ, ಗುಂಡಿ, ಹೂವು, ಪಾದ್ರಿ — ಇವೆಲ್ಲ ಮಕ್ಕಳ ತಲೆಗೆ ಬರದಿರಲೆಂದು ವಯಸ್ಸಾದವರು ಮಾಡಿಸುವ ಸಣ್ಣ ಪಾಲಿಸಿ. ಯಜಮಾನ ಟ್ರೂಯೆಟ್ ಕೋಬಲ್ ಅವರು ನಮ್ಮ ಹಾರ್ಲಿನ್ ಊರಿನ ಮನೆಮನೆಗೂ ಕಾಗದ ಕಳಿಸುತ್ತಾರೆ. ಬೇಕೆನಿಸಿದವರು ಅದರ ತುದಿಯ ಕಾರ್ಡು ಹರಿದು, ಹೆಸರು, ವಯಸ್ಸು, ನಾಮಿನಿ ಬರೆದು ವಾಪಸು ಹಾಕುತ್ತಾರೆ. ಆ ಕಾರ್ಡಿಗೇ ನಾವು ಲೀಡ್ ಎನ್ನುವುದು. ನಾವು ಐವರು ಏಜೆಂಟರು ಅವನ್ನು ಯಜಮಾನರಿಂದ ಕೊಂಡು ಬಾಗಿಲು ತಟ್ಟುತ್ತೇವೆ. ಬಾಗಿಲು ತೆರೆದೊಡನೆ ಕಾರ್ಡು ತೋರಿಸಿ, "ಇದು ನಿಮ್ಮದೇ ಕೈಬರಹ ಅಲ್ವಾ?" ಎನ್ನಬೇಕು. ಅದು ನಮಗೆ ಮೊದಲ ಪಾಠ.

ಪಾಠದ ಪ್ರಕಾರವೇ ಕಾರ್ಡು ಹಿಡಿದೆ. "ನಾಮಿನಿ, ಥಿಯೊಡೊರಿಕ್ ಮೇಬ್ರಿ. ನಿಮ್ಮ ಮಗ, ಅಲ್ವಾ?"

ಅವರಿಗೆ ನಗು ಬಂತು. "ಅಯ್ಯೋ, ಆ ಹೆಸರು ಹಿಡಿದು ಯಾರಾದ್ರೂ ಅವನನ್ನ ಕರೆದು ಎಷ್ಟು ಕಾಲ ಆಯ್ತೋ! ಆದ್ರೆ ಇದು ನಾನು ಬರೆದ ಕಾರ್ಡಲ್ಲ ಕಣೋ."

"ಪರವಾಗಿಲ್ಲಮ್ಮ, ಬರೆದದ್ದು ಎಷ್ಟೋ ಜನಕ್ಕೆ ನೆನಪಿರಲ್ಲ," ಎಂದೆ. ಅದು ಎರಡನೇ ಪಾಠ.

ಬಾಗಿಲು ಮುಚ್ಚಿತು.

ಸಂಜೆ ಆಫೀಸಿನಲ್ಲಿ ಐವರದೂ ಒಂದೇ ಗೋಳು. ಮೂರು ವಾರದಿಂದ ಎಲ್ಲಿ ಹೋದರೂ ಆ ಟೈ ಹುಡುಗ ನಮಗಿಂತ ಮುಂಚೆ ಹೋಗಿದ್ದಾನೆ. ಕೋಬಲ್ ಅವರು ಮೇಜು ಗುದ್ದಿದರು.

"ಯಾರೋ ನನ್ನ ಕಾರ್ಡು ಹೊರಗೆ ಮಾರ್ಕೊಳ್ತಿದಾರೆ! ಅಂಚೆ ಪೆಟ್ಟಿಗೆ ಕೀಲಿ ಯಾರ ಹತ್ರ ಇದೆ?"

ಎಲ್ಲರ ಕಣ್ಣೂ ಓಝೆಲ್ಲಾ ಬ್ಯಾಂಕ್ಸ್ ಕಡೆ ತಿರುಗಿದವು. ಓಝೆಲ್ಲಾ ಆಫೀಸಿನ ಗುಮಾಸ್ತೆ, ಅರವತ್ನಾಲ್ಕು ವರ್ಷ. ಪ್ರತಿ ಸೋಮವಾರ ಪೆಟ್ಟಿಗೆಯ ಕಾರ್ಡುಗಳನ್ನು ತಂದು, ಕಟ್ಟು ಬಿಚ್ಚದೆ ಯಜಮಾನರ ಮೇಜಿನ ಮೇಲಿಡುವುದು ಅವರ ಕೆಲಸ. ಅವನ್ನು ಬೀದಿವಾರು ವಿಂಗಡಿಸಿ ಮುಂದಿನ ಸೋಮವಾರ ನಮಗೆ ಹಂಚುವುದು ಯಜಮಾನರ ಕೆಲಸ.

"ನನ್ನ ಹತ್ರ ಇದೆ. ಒಂದೇ ಕೀಲಿ," ಎಂದರು ಓಝೆಲ್ಲಾ. "ಆದ್ರೆ ನಾನು ಕಾರ್ಡು ಓದೋದೂ ಇಲ್ಲ, ಸರ್."

"ಶುಕ್ರವಾರ ಮಧ್ಯಾಹ್ನದವರೆಗೆ ಟೈಮ್ ಕೊಡ್ತೀನಿ. ಒಪ್ಕೊಂಡು ಕೀಲಿ ಇಟ್ಟು ಹೋಗಿ. ಇಲ್ಲಾಂದ್ರೆ ನಿಮ್ಮ ಪಾದ್ರಿಗಳಿಗೆ ನಾನೇ ಹೇಳ್ತೀನಿ."

ಓಝೆಲ್ಲಾ ಕುರ್ಚಿ ಹಿಡಿದುಕೊಂಡು ಕುಳಿತರು. ಕೆಲಸ ಹೋದರೆ ಅವರು ಹೇಗೋ ನಿಭಾಯಿಸಿಯಾರು. "ಇಪ್ಪತ್ತಾರು ವರ್ಷದಿಂದ ಚರ್ಚಲ್ಲಿ ಕಾಣಿಕೆ ತಟ್ಟೆ ಹಿಡೀತಿದೀನಿ," ಎಂದರು ಯಾರನ್ನೂ ನೋಡದೆ. "ಕಳ್ಳಿ ಅಂತ ಒಂದು ಮಾತು ಬಂದ್ರೆ ಸಾಕು, ಇನ್ಯಾರು ನನ್ನ ಕೈಗೆ ತಟ್ಟೆ ಕೊಡ್ತಾರೆ?"

ನನಗೆ ಪಾಪ ಎನಿಸಿತು. ಆದರೂ ಕೀಲಿ ಒಂದೇ ಎಂದಮೇಲೆ ಇನ್ಯಾರನ್ನು ಅನುಮಾನಿಸುವುದು?

ಮೂಲೆಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಐಡೆಲ್ಲಾ ಕ್ರೂಮ್ ಎದ್ದರು. ಎಪ್ಪತ್ತು ದಾಟಿದ ಏಜೆಂಟರು. ನಾನು ಹುಟ್ಟುವ ಮೊದಲೇ ಈ ಬೀದಿಗಳಲ್ಲಿ ವಾರವಾರ ಕಂತು ವಸೂಲು ಮಾಡುತ್ತಿದ್ದವರು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯ ಗಂಡ ಕಚ್ಚುತ್ತಾನೆ ಎಂಬುದೆಲ್ಲ ಅವರಿಗೆ ಬಾಯಿಪಾಠ.

"ರೂಫಸ್, ನಿನ್ನ ಹನ್ನೊಂದು ಕಾರ್ಡೂ ತಗೋ. ನಾಳೆ ಗಾಡಿ ನೀನು ಓಡಿಸು, ಬಾಯಿ ನಾನು ಓಡಿಸ್ತೀನಿ."

ಬುಧವಾರ ಮತ್ತೆ ಕ್ವೀನಿ ಮೇಬ್ರಿ ಅವರ ಮನೆ. ನನಗೆ ಅರ್ಧ ತೆರೆದಿದ್ದ ಬಾಗಿಲು ಐಡೆಲ್ಲಾರಿಗೆ ಪೂರ್ತಿ ತೆರೆಯಿತು. ಕೇಕು ಬಂತು, ಸಿಹಿ ಚಹಾ ಬಂತು. ಮಂಡಿನೋವಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಯಿತು. ನಾನು ಗಡಿಯಾರ ನೋಡುತ್ತ ಒಳಗೊಳಗೇ ಕುದಿಯುತ್ತಿದ್ದೆ.

ಕೊನೆಗೆ ಐಡೆಲ್ಲಾ ಕೇಳಿದರು: "ಕ್ವೀನಿ, ನೀನು ಕಾರ್ಡು ಹಾಕಿದ್ದು ನಿಜವಾ?"

"ಹಾಕಿದ್ದೆ. ಮಾರ್ಚಲ್ಲಿ. ಆದ್ರೆ ಇದಲ್ಲ ಅಂತ ಈ ಹುಡುಗನಿಗೆ ಎಷ್ಟು ಸಲ ಹೇಳೋದು? ನಾನು ಪೆನ್ಸಿಲಲ್ಲಿ ಬರ್ದಿದ್ದೆ."

"ನಾಮಿನಿ ಜಾಗದಲ್ಲಿ ಏನು ಬರ್ದೆ?"

"ಇನ್ನೇನು ಬರೀತಾರೆ? ಬಿಸ್ಕಿಟ್ ಅಂತ."

ಬಿಸ್ಕಿಟ್! ನನ್ನ ಜೊತೆ ಶಾಲೆಯಲ್ಲಿ ಫುಟ್‌ಬಾಲ್ ಆಡಿದವನು. ಅವನೇ ಥಿಯೊಡೊರಿಕ್ ಎಂಬುದು ನನಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ.

"ಟೈ ಹುಡುಗ ಕೊಟ್ಟ ಕಾಗದ ಇದ್ಯಾ?"

ಪಾಲಿಸಿಯ ಅರ್ಜಿ ಬಂತು. ಅದರಲ್ಲಿ ನಾಮಿನಿ — ಥಿಯೊಡೊರಿಕ್ ಮೇಬ್ರಿ. ಐಡೆಲ್ಲಾ ಅದರ ಮೇಲಿದ್ದ ಫೋನ್ ನಂಬರನ್ನು ಅಂಗೈ ಮೇಲೆ ಬರೆದುಕೊಂಡರು.

ಎರಡು ದಿನ ಉಳಿದ ಹತ್ತು ಮನೆ ಸುತ್ತಿದೆವು. ಹೊಸಿಯಾ ಪೆಟ್‌ವೇ ಎಂಬ ಮುದುಕರ ಕಾರ್ಡಿನಲ್ಲಿ ನಾಮಿನಿ ವಿಲ್ಹೆಲ್ಮೀನಾ. "ಯಾರವಳು?" ಎಂದು ಮುದುಕರು ಗಾಬರಿಯಾದರು. "ನಾನೇ ಕಣ್ರೀ! ಆ ಟೈ ಹುಡುಗನಿಗೆ ಹೇಳಿ ಬರೆಸಿದ್ದೂ ನಾನೇ!" ಎಂದು ಒಳಗಿನಿಂದ ಹೆಂಡತಿ ಗದರಿದರು. ಐವತ್ತು ವರ್ಷದಿಂದ ಆಕೆಯನ್ನು ಊರೆಲ್ಲ ಟೂಟ್ಸಿ ಎನ್ನುತ್ತದೆ, ಗಂಡನೂ ಸೇರಿ.

ಕಾರಿನಲ್ಲಿ ನನಗೆ ತಡೆಯಲಾಗಲಿಲ್ಲ. "ಮಿಸ್ ಐಡೆಲ್ಲಾ, ತಲೆ ಗಿರ್ರಂತಿದೆ. ಆ ಹುಡುಗ ಕಾರ್ಡು ಬರೋದಕ್ಕಿಂತ ಮುಂಚೆ ಹೋಗಿದ್ದು ಹೇಗೆ? ಓಝೆಲ್ಲಾ ಅವನಿಗೆ ಫೋನ್ ಮಾಡಿ—"

"ನೀನು ದಿಕ್ಕು ತಪ್ಪಿದೀಯ ಮಗಾ. ಗಾಡಿ ಓಡಿಸು."

ದಿಕ್ಕು ತಪ್ಪಿದ್ದೆ, ನಿಜ. ಯಾವ ಕಡೆ ತಿರುಗಬೇಕೋ ಅದೂ ತಿಳಿಯಲಿಲ್ಲ. ಗುರುವಾರ ರಾತ್ರಿ ಹಾಸಿಗೆಯಲ್ಲಿ ನನ್ನ ಮೇಲೂ ನನಗೇ ಅನುಮಾನ ಬಂತು.

ಶುಕ್ರವಾರ ಹನ್ನೆರಡಕ್ಕೆ ಓಝೆಲ್ಲಾ ಕೀಲಿಯನ್ನು ಮೇಜಿನ ಮೇಲಿಟ್ಟರು.

"ಒಪ್ಕೊಳ್ತೀರಾ?" ಎಂದರು ಕೋಬಲ್.

"ಅವಳನ್ನ ಆಮೇಲೆ ಕೇಳಿ," ಎಂದರು ಐಡೆಲ್ಲಾ. "ಮೊದಲು ನನ್ನ ಮಾತು ಕೇಳಿ. ಹನ್ನೊಂದು ಮನೆಗೆ ಹೋದೆ. ಹನ್ನೊಂದು ಜನಾನೂ ಒಂದೇ ಮಾತು ಹೇಳಿದ್ರು: ಇದು ನನ್ನ ಕಾರ್ಡಲ್ಲ."

"ಎಲ್ಲಾ ಗಿರಾಕಿಗಳೂ ಹಾಗೇ ಹೇಳ್ತಾರೆ!"

"ಹೌದು. ದಿನಾ ಕೇಳಿ ಕೇಳಿ ನಮ್ಮ ಕಿವಿ ಮಂದವಾಗಿದೆ. ನನ್ನ ಕಿವಿನೂ ಸೇರಿ. ಆ ಹುಡುಗ ಕಾರ್ಡಿಗಿಂತ ಮುಂಚೆ ಹೇಗೆ ಹೋದ ಅಂತ ನಾವೆಲ್ಲ ತಲೆ ಕೆರ್ಕೊಂಡ್ವಿ. ಅವನು ಮುಂಚೆ ಹೋಗಲೇ ಇಲ್ಲ. ಮಾರ್ಚಲ್ಲಿ ಬಂದ ನಿಜವಾದ ಕಾರ್ಡು ಹಿಡ್ಕೊಂಡು ಮಾರ್ಚಲ್ಲೇ ಹೋದ. ನಮ್ಮ ಕೈಲಿರೋವು ಆಮೇಲೆ ಯಾರೋ ಕೂತು ಬರೆದ ಕಾರ್ಡುಗಳು. ಒಂದೊಂದಕ್ಕೆ ಒಂದೊಂದು ಪೆನ್ನು, ಒಂದೊಂದು ಥರದ ಅಕ್ಷರ. ಕಷ್ಟ ಬಿದ್ದಿದಾರೆ, ಪಾಪ."

ನಾನು ನನ್ನ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ನೋಡಿದೆ. "ಯಾರು ಬರೆದದ್ದು?"

"ಓಝೆಲ್ಲಾ, ಕ್ವೀನಿ ಮಗನ ಹೆಸರೇನು?"

"ಬಿಸ್ಕಿಟ್."

"ಪೂರ್ತಿ ಹೆಸರು?"

ಓಝೆಲ್ಲಾ ಕಣ್ಣು ಪಿಳಿಪಿಳಿ ಬಿಟ್ಟರು. "ಬಿಸ್ಕಿಟ್ ಮೇಬ್ರಿ. ದೀಕ್ಷಾಸ್ನಾನಕ್ಕೆ ಪಾದ್ರಿಗಳು ನೀರಲ್ಲಿ ಮುಳುಗಿಸುವಾಗ್ಲೂ ಹಾಗೇ ಕರೆದ್ರಲ್ಲ?"

"ನೋಡಿ. ಈ ಊರಲ್ಲಿ ಹುಟ್ಟಿದವರು ಸುಳ್ಳು ಕಾರ್ಡು ಬರೆದಿದ್ರೆ ಬಿಸ್ಕಿಟ್ ಅಂತಲೇ ಬರೀತಿದ್ರು. ಟೂಟ್ಸಿ ಅಂತಲೇ ಬರೀತಿದ್ರು. ಹನ್ನೊಂದರಲ್ಲೂ ಸರ್ಕಾರಿ ಕಾಗದದ ಹೆಸರೇ ಇದೆ. ಅವು ಸಿಗೋದು ಒಂದೇ ಕಡೆ — ಆ ಹುಡುಗ ತುಂಬಿಸಿದ ಪಾಲಿಸಿ ಅರ್ಜೀಲಿ. ಆ ಅರ್ಜಿ ನೋಡ್ಕೊಂಡು ಬರೆದವರಿಗೆ ಈ ಊರಲ್ಲಿ ಯಾರನ್ನ ಏನಂತ ಕರೀತಾರೆ ಅಂತಲೇ ಗೊತ್ತಿಲ್ಲ. ನಮ್ಮಲ್ಲಿ ಹೊರಗಿನಿಂದ ಬಂದವರು ಯಾರು? ಕಟ್ಟು ಬಿಚ್ಚಿ, ಒಂದು ವಾರ ಕಾರ್ಡು ಇಟ್ಕೊಳ್ಳೋರು ಯಾರು?"

ಕೋಬಲ್ ನಮ್ಮ ರಾಜ್ಯದ ದೊಡ್ಡ ನಗರ ಬರ್ಮಿಂಗ್‌ಹ್ಯಾಮ್‌ನಿಂದ ಬಂದು ಎರಡು ವರ್ಷವಾಗಿತ್ತು. ಅವರು ನಕ್ಕರು, ಆದರೆ ನಗು ಕೆನ್ನೆಯಿಂದ ಮೇಲೇರಲಿಲ್ಲ. "ನನ್ನ ಕಾರ್ಡು ನಾನೇ ಕದೀತೀನಾ? ಹುಚ್ಚಾ?"

"ಕದ್ದಿಲ್ಲ. ಎರಡು ಸಲ ಮಾರಿದೀರಿ. ತಾಜಾದು ಅವನಿಗೆ, ಹಳಸಿದ್ದು ನಮಗೆ. ನಾವು ಗಲಾಟೆ ಮಾಡಿದಾಗ ನಿಮಗೊಬ್ಬ ಕಳ್ಳ ಬೇಕಾಯ್ತು."

ಐಡೆಲ್ಲಾ ಫೋನ್ ಮೇಜಿನ ಮೇಲಿಟ್ಟು ಅಂಗೈಯ ನಂಬರು ಒತ್ತಿದರು. ಸ್ಪೀಕರಿನಲ್ಲಿ ಆ ಟೈ ಹುಡುಗನ ಎಳೆಯ ದನಿ ಹಲೋ ಎಂದಿತು.

"ಮಗಾ, ನಿನ್ನೆ ನನಗೆ ಹೇಳಿದ್ದನ್ನ ಇನ್ನೊಂದ್ಸಲ ಹೇಳಪ್ಪ. ನಿನಗೆ ಹಾರ್ಲಿನ್ ಕಾರ್ಡು ಕೊಟ್ಟಿದ್ದು ಯಾರು?"

"ಕೋಬಲ್ ಸರ್, ಮೇಡಮ್. ಮಾಡಿದ ಪ್ರತಿ ಅರ್ಜಿದೂ ಒಂದು ಕಾಪಿ ಅವರಿಗೆ ಕಳಿಸ್ಬೇಕು ಅಂತ ಕರಾರು. ಯಾಕೆ, ಏನಾದ್ರೂ ತಪ್ಪಾಯ್ತಾ?"

ಕೋಬಲ್ ಎದ್ದು ನಿಂತ. ಇನ್ನು ಅವನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ. "ಕೂತು ಮಾತಾಡೋಣ," ಎಂದ.

"ರಾಜ್ಯದ ವಿಮಾ ಇಲಾಖೆಯವರು ಸೋಮವಾರ ಬರ್ತಾರೆ, ಅವರ ಜೊತೆ ಕೂತ್ಕೊಳ್ಳಿ," ಎಂದರು ಐಡೆಲ್ಲಾ. "ಅದಕ್ಕೆ ಮುಂಚೆ ಪಾದ್ರಿಗಳಿಗೆ ಏನೋ ಹೇಳ್ತೀನಿ ಅಂದಿದ್ರಲ್ಲ, ಈಗ ಫೋನ್ ಮಾಡಿ. ನಮ್ಮೆಲ್ಲರ ಮುಂದೆ. ಓಝೆಲ್ಲಾ ಕದ್ದಿಲ್ಲ ಅಂತ ಹೇಳಿ."

ಕೋಬಲ್ ಫೋನ್ ಮಾಡಿದ, ಹೇಳಿದ. ದನಿ ಸಣ್ಣಗಿತ್ತು, ಐಡೆಲ್ಲಾ ಎರಡು ಸಲ "ಜೋರಾಗಿ" ಎಂದರು.

ಎಲ್ಲರೂ ಚದುರಿದ ಮೇಲೆ ಓಝೆಲ್ಲಾ ತಮ್ಮ ಮೇಜಿನ ಸಾಮಾನು ಚೀಲಕ್ಕೆ ತುಂಬತೊಡಗಿದರು. ಈ ಆಫೀಸಿನಲ್ಲಿ ಇನ್ನೊಂದು ದಿನವೂ ಇರುವುದಿಲ್ಲವೆಂದರು. ನಾನು ಚೀಲ ಹಿಡಿದುಕೊಂಡೆ.

"ರೂಫಸ್, ನಿಜ ಹೇಳು. ನೀನೂ ನಂಬಿದ್ಯಾ?"

ಸುಳ್ಳು ಹೇಳಬಹುದಿತ್ತು. "ಹೂಂ, ಮಿಸ್ ಓಝೆಲ್ಲಾ. ಮೂರು ದಿನ."

ಅವರು ಕೊನೆಯ ಸಾಮಾನನ್ನೂ ಚೀಲಕ್ಕೆ ಹಾಕಿದರು.

"ನಾನು ನೀನೇ ಅಂದ್ಕೊಂಡಿದ್ದೆ ಕಣೋ. ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ, ಒಬ್ಬಳ ಹೆಸರು ಕೆಟ್ಟಿದ್ದು ಸಾಲ್ದಾ ಅಂತ." ಚೀಲ ನನ್ನ ಕೈಯಿಂದ ತೆಗೆದುಕೊಂಡರು. "ಭಾನುವಾರ ಚರ್ಚಿಗೆ ಬಾ. ತಟ್ಟೆ ಹಿಡ್ಕೊಂಡು ಮೊದಲು ನಿನ್ನ ಮುಂದೇನೇ ನಿಲ್ತೀನಿ."