ತಗಡಿನಡಿಯ ಗಂಟು

"ಆ ಬಾಡಿಯನ್ನ ಚಾಸಿಯಿಂದ ಎತ್ತಬೇಡಪ್ಪ," ಅಂದಳು ಸೀಟು ಹೊಲಿಯುವ ಅಕ್ಕ. "ನಮ್ಮಣ್ಣನ ಕಾರು ಇದು. ಅವನು ಬೇರೆಯವಳ ಹಿಂದೆ ಹೋಗದಿರಲಿ ಅಂತ ಅತ್ತಿಗೆ ಮಾಟ ಮಾಡಿಸಿ ಅಡಿಯಲ್ಲಿ ಕಟ್ಟು ಹಾಕಿಸಿದ್ಲು. ಇಬ್ಬರೂ ತೀರಿಹೋದ್ರು. ಕಟ್ಟು ಮಾತ್ರ ಉಳಿದಿದೆ."

ಹೊಸದಾಗಿ ಬಂದಿದ್ದ ಮೆಕ್ಯಾನಿಕ್ ನಕ್ಕ. "ಅಕ್ಕಾ, ಇದನ್ನ ಹಿಡಿದಿರೋದು ನಿಮ್ಮತ್ತಿಗೆ ಅಲ್ಲ, ತುಕ್ಕು."

ಅವಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಮನೆಗೆ ಹೊರಟುಹೋದಳು.

ಅವಳೊಬ್ಬಳನ್ನು ಬಿಟ್ಟರೆ ಅವನ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಹೆಂಡತಿ ಬಿಟ್ಟುಹೋಗಿ ಮೂರು ವರ್ಷ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಕೆಲಸ ಕೈಗೆ ಹತ್ತಿದರೆ ಹೊತ್ತು ಹೋಗುತ್ತಿತ್ತು, ಅಷ್ಟೇ. ಬಾಗಿಲು ಬಿಚ್ಚಿದ ಕಡೆ ಬಾಡಿ ಮಡಚಿಕೊಳ್ಳದಂತೆ ಅಡ್ಡಪೈಪು ಬೆಸೆದ. ಬೋಲ್ಟುಗಳನ್ನೆಲ್ಲ ಬಿಚ್ಚಿ, ಚೈನಿನಿಂದ ಬಾಡಿ ಎತ್ತಿ, ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ದಪ್ಪ ಹಲಗೆ ಇಟ್ಟು ಕೂರಿಸಿದ. ಗಾಲಿ ಇದ್ದ ಚಾಸಿ ಚೌಕಟ್ಟನ್ನು ಹೊರಗೆ ತಳ್ಳಿದ. ಬಾಡಿಯ ಮೇಲೆ ರಸಮಟ್ಟ ಇಟ್ಟು ನೋಡಿದ. ಎಳ್ಳಷ್ಟೂ ವಾಲಿರಲಿಲ್ಲ.

ಡ್ರೈವರ್ ಸೀಟಿದ್ದ ಜಾಗದ ಕೆಳಗೆ, ತಗಡಿಗೆ ಅಂಟಿಕೊಂಡು ಒಂದು ಗಂಟಿತ್ತು. ಕಪ್ಪು ಬಟ್ಟೆ, ಅದರೊಳಗೆ ಜಡೆಗಟ್ಟಿದ ಉದ್ದ ಕೂದಲು. ಸ್ಕ್ರೂಡ್ರೈವರಿನಿಂದ ಮೀಟಿ ಕಿತ್ತು, ಹಳೇ ಆಯಿಲ್ ಡಬ್ಬಕ್ಕೆ ಎಸೆದ.

ಮಟಮಟ ಮಧ್ಯಾಹ್ನ. ಆದರೂ ಶೆಡ್ಡಿನೊಳಗೆ ಬೆಳಕು ಕಂದಿತು. ಸುಟ್ಟ ಕೂದಲಿನ ಕಮಟು ವಾಸನೆ ಗಂಟಲಿಗೆ ಅಡರಿತು. ಎಡಗಡೆಯ ಸ್ಟ್ಯಾಂಡು ಕಿರ್ರೆಂದಿತು. ಹಲಗೆ ಜಾರುತ್ತಿತ್ತು. ಹಿಂದೆಮುಂದೆ ನೋಡದೆ ಅವನು ಬಾಡಿಯ ಕೆಳಗೆ ನುಗ್ಗಿ ಭುಜ ಕೊಟ್ಟ.

ಭಾರ ಇಳಿಯಿತು. ಇಷ್ಟಿಷ್ಟೇ ಇಳಿಯಿತು. ಕಬ್ಬಿಣದ ಭಾರವಲ್ಲ ಅದು. ಬೆಚ್ಚಗಿತ್ತು. ಉಸಿರಾಡುತ್ತಿತ್ತು. ತಲೆಯ ಮೇಲೆ, ಖಾಲಿ ಬಾಡಿಯೊಳಗೆ, ಬಟ್ಟೆ ಸರಿದ ಸದ್ದು.

"ಬಂದ್ರಾ?"

ಹೆಣ್ಣಿನ ದನಿ. ಎರಡಡಿ ಆಚೆ, ಶೆಡ್ಡಿನ ಬಾಗಿಲಲ್ಲಿ, ಬಿಸಿಲಿತ್ತು. ತೆವಳಿದರೆ ಪಾರು. ಕೈ ಚಾಚಿದ. ಬೆರಳ ತುದಿಗೆ ಬಿಸಿಲು ತಾಕಿತು.

"ಊಟ ಆಯ್ತಾ?"

ಕೈ ನಿಂತಿತು. ಮೂರು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಉತ್ತರ ಕೊಡಬಾರದು. ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

"ಇಲ್ಲ," ಅಂದ.

ಭಾರ ಹಗುರಾಯಿತು.

ಮರುದಿನ ಬೆಳಿಗ್ಗೆ ಅಕ್ಕ ಬಂದಾಗ ನಾಲ್ಕೂ ಸ್ಟ್ಯಾಂಡು ನೆಟ್ಟಗಿದ್ದವು. ಅವನು ಬಾಡಿಯೊಳಗೆ ಬರಿ ತಗಡಿನ ಮೇಲೆ ಕೂತಿದ್ದ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು. ತೋಳು ಹಿಡಿದು ಎಳೆದಳು. ಅಲುಗಲಿಲ್ಲ. ಕಾಲು ಮುಟ್ಟಿದರೆ ತಗಡಿನಷ್ಟೇ ತಣ್ಣಗೆ, ತಗಡಿನಷ್ಟೇ ಗಟ್ಟಿ.

"ಇಳಿಯಪ್ಪಾ, ನಿಂಗೆ ಕೈ ಮುಗೀತೀನಿ!"

ಅವನು ತುಟಿಯ ಮೇಲೆ ಬೆರಳಿಟ್ಟು, ಮಡಿಲ ಕಡೆ ಕಣ್ಣಲ್ಲೇ ತೋರಿಸಿದ. ಅಲ್ಲಿ ಏನೂ ಇರಲಿಲ್ಲ.

"ಮೆಲ್ಲಗೆ ಅಕ್ಕಾ. ಈಗ ತಾನೇ ಅವಳಿಗೆ ನಿದ್ದೆ ಹತ್ತಿದೆ."