ಗೂಡಿನ ಮೇಲಿನ ಮಸಿ

ಹಿರಿಹೊಳೆಯ ದಂಡೆಯ ಮೇಲೆ ಕೆಂಪು ಕಲ್ಲಿನ ಬುರುಜುಗಳನ್ನೆತ್ತಿ ನಿಂತಿದ್ದ ಮಣಿಹೊಳಲು ರಾಜಧಾನಿಯಲ್ಲಿ ಆ ಬೆಳಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ಪಟ್ಟದ ಆನೆಗಳು ಸಾಲಾಗಿ ನೀರಿಗಿಳಿದಿದ್ದವು. ಗಂಧಿಗರ ಬೀದಿಯಲ್ಲಿ ಕಸ್ತೂರಿಯ ವಾಸನೆಯೂ ಕುದುರೆಯ ಲದ್ದಿಯ ವಾಸನೆಯೂ ಒಂದರೊಳಗೊಂದು ಬೆರೆತಿದ್ದವು. ಹಿತ್ತಿಲುಗಳಲ್ಲಿ ಹೆಂಗಸರು ಭತ್ತ ಕುಟ್ಟುತ್ತಿದ್ದರು. ಒನಕೆ ಬೀಳುತ್ತಿತ್ತು, ಹಾಡು ಮಾತ್ರ ಇರಲಿಲ್ಲ. ಕುಟ್ಟುವಾಗ ಯಾರೂ ಹಾಡಕೂಡದೆಂದು ದಂಡನಾಯಕ ಕಾಳರಸ ಡಂಗುರ ಹೊಡೆಸಿದ್ದ. ಹಾಡು ನಿಂತ ಮೇಲೆ ಒನಕೆಗಳ ಲಯ ಕೆಟ್ಟು, ಊರೇ ಹೆಜ್ಜೆ ತಪ್ಪಿದ ದಂಡಿನಂತೆ ಸದ್ದು ಮಾಡುತ್ತಿತ್ತು.

ಇದಕ್ಕೆಲ್ಲ ಕಾರಣ ಒಂದೇ ಒಂದು ತ್ರಿಪದಿ.

ಗೂಡಿನಲಿ ಇಟ್ಟಾರು ಸೊಡರನ್ನ ಗಾಳಿಗಂಜಿ
ನೋಡಿ ಬೆಳಕನ್ನ ಹೊಗಳ್ಯಾರು | ಗೋಡೆಯ
ನೆತ್ತಿಯ ಮಸಿಯ ಕಂಡೋರ್ಯಾರು

ಅರಸ ತೀರಿಕೊಂಡ ಮೇಲೆ ತೊಟ್ಟಿಲ ಕೂಸಿಗೆ ಪಟ್ಟ ಕಟ್ಟಿ, ಆ ಕೂಸಿನ ಹೆಸರಿನಲ್ಲಿ ಕಾಳರಸನೇ ರಾಜ್ಯವಾಳುತ್ತಿದ್ದ. ಕೂಸಿನ ತಾಯಿ ಲಕುಮಾದೇವಿಯನ್ನು ರಕ್ಷಣೆಯ ನೆಪದಲ್ಲಿ ಅಂತಃಪುರದ ಒಂದು ಕೋಣೆಗೆ ಸೇರಿಸಿ, ಸಖಿಯರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿದ್ದ. ಈ ಹಾಡು ಎಲ್ಲಿಂದಲೋ ಹೊರಟು ಒನಕೆಯಿಂದ ಒನಕೆಗೆ ದಾಟಿ, ಹೊಳೆಯಾಚೆ ರಾಣಿಯ ತವರನ್ನು ಮುಟ್ಟಿತು. ಅವಳ ಅಣ್ಣ ಬೈಚರಸ ದಂಡು ಕೂಡಿಸತೊಡಗಿದನೆಂದು ಬೇಹಿನವರು ಸುದ್ದಿ ತಂದರು. ಹಾಡು ಕಟ್ಟಿದವರು ಯಾರು? ರಾಣಿಯೇ ಎಂದು ಸಾಬೀತಾದರೆ ಅದು ರಾಜದ್ರೋಹವಾಗುತ್ತದೆ. ಆಮೇಲೆ ಅವಳನ್ನು ಉಳಿಸಿಕೊಳ್ಳಬೇಕಾದ ಹಂಗು ಕಾಳರಸನಿಗೆ ಇರುವುದಿಲ್ಲ.

ಆಸ್ಥಾನದ ಗಮಕಿ ಸಿಂಗಣನನ್ನು ಅವನು ಕರೆಸಿದ್ದು ಈ ಕೆಲಸಕ್ಕೆ.

ಸಿಂಗಣ ಕಾವ್ಯ ಬರೆದವನಲ್ಲ, ಓದಿದವನು. ಕವಿಗಳು ಕಟ್ಟಿದ್ದನ್ನು ರಾಗದಲ್ಲಿಟ್ಟು ಸಭೆಗೆ ಮುಟ್ಟಿಸುವುದು ಅವನ ವೃತ್ತಿ. ಹೋದ ಮಾಘದಲ್ಲಿ ಹೆಂಡತಿ ಮಾಕಲೆ ತೀರಿಕೊಂಡ ಮೇಲೆ ಅವನು ಮಾತು ಕಡಿಮೆ ಮಾಡಿದ್ದ. ಕರೆದರೆ ಬರುತ್ತಿದ್ದ, ಓದು ಎಂದರೆ ಓದುತ್ತಿದ್ದ. ಉಣ್ಣುವುದು ಕೆಲವು ದಿನ ಮರೆತುಹೋಗುತ್ತಿತ್ತು.

"ಗಮಕಿಗಳೇ, ಈ ರಾಜ್ಯದಲ್ಲಿ ಇಂಥ ಪದ ಕಟ್ಟಬಲ್ಲವರು ಇಬ್ಬರೇ, ಶಂಕಣ ಮತ್ತು ರೇವಯ್ಯ," ಎಂದ ಕಾಳರಸ. "ಇಬ್ಬರ ಕಾವ್ಯವೂ ನಿಮ್ಮ ನಾಲಗೆಯ ಮೇಲಿದೆ. ಹೋಲಿಸಿ ನೋಡಿ, ನಾಳೆ ಸಭೆಯಲ್ಲಿ ಒಬ್ಬರ ಹೆಸರು ಹೇಳಿ. ಹೇಳದಿದ್ದರೆ ಇಬ್ಬರನ್ನೂ ಶೂಲಕ್ಕೇರಿಸುವೆ." ಆಮೇಲೆ ದನಿ ತಗ್ಗಿಸಿದ. "ಇಬ್ಬರೂ ಅಲ್ಲ, ಒಳಮನೆಯಲ್ಲಿ ಕುಳಿತ ಮತ್ತೊಬ್ಬರು ಎನ್ನುವುದಾದರೆ ಅದನ್ನೂ ಹೇಳಬಹುದು. ನಿಮಗೆ ಅಗ್ರಹಾರವೇ ಸಿಕ್ಕೀತು."

ಸಂಗೀತಶಾಲೆಯಲ್ಲಿ ಕವಿಗಳಿಬ್ಬರೂ ಆಗಲೇ ಸೆರೆಯಲ್ಲಿದ್ದರು. ಸಿಂಗಣನನ್ನು ಒಳಗೆ ಬಿಟ್ಟು ಹೊರಗಿನಿಂದ ಅಗುಳಿ ಹಾಕಿದರು.

"ಬಂದರಪ್ಪಾ ನ್ಯಾಯಾಧೀಶರು," ಎಂದ ಶಂಕಣ. ಹಿಂದೆ ಗಡಿಯಲ್ಲಿ ಕಾವಲಿದ್ದ ಯೋಧ ಅವನು, ಈಗಲೂ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಿದ್ದ. "ಈ ರೇವಯ್ಯನ ಹೆಸರು ಹೇಳಿಬಿಡಿ ಗಮಕಿಗಳೇ. ನನ್ನದು ಇನ್ನೂ ಅರ್ಧ ಕಾವ್ಯ ಬಾಕಿ ಇದೆ."

"ನಿಮ್ಮ ಆ ಅರ್ಧವನ್ನು ಕೇಳುವುದಕ್ಕಿಂತ ಶೂಲವೇ ಲೇಸು ಸ್ವಾಮಿ," ಎಂದ ರೇವಯ್ಯ. ಅವನು ಅಂಬಿಗರ ಮನೆಯ ಮಗ, ನಕ್ಕರೆ ಹೊಟ್ಟೆಯೆಲ್ಲ ಕುಣಿಯುತ್ತಿತ್ತು. ಅಂದು ಕುಣಿಯಲಿಲ್ಲ.

ಶಂಕಣ ಎದ್ದು ಹೋಗಿ ಬಾಗಿಲನ್ನೊಮ್ಮೆ ತಳ್ಳಿ ನೋಡಿ, ಬಂದು ಮತ್ತೆ ಗೋಡೆಗೆ ಬೆನ್ನು ಕೊಟ್ಟ.

"ನಿಜ ಹೇಳಲೇ?" ರೇವಯ್ಯ ಮತ್ತೆ ಬಾಯಿ ತೆರೆದ. "ಆ ಪದ ನನ್ನದಾಗಿದ್ದರೆ ನಾನು ಶೂಲದ ಮೇಲೂ ಒಪ್ಪಿಕೊಳ್ಳುತ್ತಿದ್ದೆ. ಅಷ್ಟು ಚೆನ್ನಾಗಿದೆ. ಹೊಟ್ಟೆಕಿಚ್ಚಾಗುತ್ತದೆ."

"ನನಗೂ," ಎಂದ ಶಂಕಣ, ಒಲ್ಲದ ಮನಸ್ಸಿನಿಂದ.

ಸಿಂಗಣ ಕಂಬಕ್ಕೊರಗಿ ಕೂತ. ನಿಧಾನವಾಗಿ, ತನಗೆ ತಾನೇ ಎಂಬಂತೆ ಹೇಳಿದ. "ಇದು ನಿಮ್ಮಿಬ್ಬರದಲ್ಲ ಎಂದು ಮೊದಲ ಸಲ ಕೇಳಿದಾಗಲೇ ತಿಳಿಯಿತು. ಶಂಕಣಾರ್ಯರೇ, ನಿಮ್ಮ ಕಾವ್ಯದ ದೀಪವೆಲ್ಲ ಕಾವಲಿನ ದೀಪ. ಅದು ಉರಿಯುವಾಗ ಓದುವವನ ಕೈ ಕತ್ತಿಯ ಹಿಡಿಗೆ ಹೋಗುತ್ತದೆ. ದುಃಖವನ್ನು ಹೇಳುವಾಗಲೂ ನೀವು ಯಾರೋ ಬರುವುದನ್ನೇ ಕಾಯುತ್ತೀರಿ. ರೇವಯ್ಯನವರ ದೀಪ ಯಾವಾಗಲೂ ನೀರಿನ ಮೇಲೆ. ಒಡೆಯುತ್ತದೆ, ಕೂಡಿಕೊಳ್ಳುತ್ತದೆ, ತೇಲುತ್ತ ಮುಂದೆ ಹೋಗುತ್ತದೆ. ಅವರ ವಿರಹಿಣಿ ಎಷ್ಟು ಅತ್ತರೂ ದೋಣಿ ಒಂದು ಬಂದೇ ಬರುತ್ತದೆ. ಮಾತು ದೀಪದ್ದಾದರೂ ನೀವಿಬ್ಬರೂ ಹೇಳಿಕೊಂಡದ್ದು ನಿಮ್ಮನ್ನೇ."

"ಈ ಹಾಡಿನವರು?" ಎಂದ ಶಂಕಣ.

"ಅವರು ದೀಪವನ್ನು ನೋಡಿಯೇ ಇಲ್ಲ. ಗೋಡೆಯನ್ನು ನೋಡಿದ್ದಾರೆ. ಎಲ್ಲಿಗೂ ಹೋಗಲಾರದವರು ಗೋಡೆ ನೋಡುತ್ತಾರೆ."

ರೇವಯ್ಯ ಕತ್ತೆತ್ತಿ ಶಾಲೆಯ ಗೋಡೆಯ ಗೂಡನ್ನು ನೋಡಿದ. ಅದರ ಮೇಲೆ ನಾಲಗೆಯಂತೆ ಕಪ್ಪು ಹತ್ತಿತ್ತು. "ಇಷ್ಟು ವರ್ಷ ದೀಪದ ಮೇಲೆ ಬರೆದೆ," ಎಂದ. "ಒಂದು ಸಲವೂ ಮೇಲೆ ನೋಡಲಿಲ್ಲವಲ್ಲಯ್ಯ."

ಸಿಂಗಣ ಮುಂದೆ ಹೇಳಲಿಲ್ಲ. ಅವನಿಗೆ ಮತ್ತೊಂದು ನೆನಪಿತ್ತು. ಅರಸರಿದ್ದ ಕಾಲದಲ್ಲಿ ಅಂತಃಪುರದಲ್ಲಿ ಶಂಕಣನ ದೀಪವರ್ಣನೆಯನ್ನು ಅವನು ಓದಿ ಮುಗಿಸಿದಾಗ ತೆರೆಯ ಹಿಂದಿನಿಂದ ರಾಣಿ ಕೇಳಿದ್ದಳು: "ಪದ್ಯ ಸೊಗಸಾಗಿದೆ ಗಮಕಿಗಳೇ. ಆ ಗೋಡೆಯನ್ನು ಒರೆಸಿದವರು ಯಾರು?" ಸಖಿಯರು ನಕ್ಕಿದ್ದರು, ಅವನೂ ನಕ್ಕಿದ್ದ. ಮನೆಗೆ ಬಂದು ಹೇಳಿದಾಗ ಮಾಕಲೆ ನಗಲಿಲ್ಲ. ಒದ್ದೆಬಟ್ಟೆ ಹಿಡಿದು ತಮ್ಮ ಮನೆಯ ಗೂಡನ್ನೇ ಒರೆಸುತ್ತಿದ್ದವಳು, "ಕೇಳೋಕೆ ಒಬ್ಬರಾದರೂ ಇದ್ದಾರಲ್ಲ, ಆ ತಾಯಿ ತಣ್ಣಗಿರಲಿ," ಎಂದಿದ್ದಳು.

ಒಬ್ಬನ ಹೆಸರು ಹೇಳಿದರೆ ನಿರಪರಾಧಿಯೊಬ್ಬ ಸಾಯುತ್ತಾನೆ, ಸುಮ್ಮನಿದ್ದರೆ ಇಬ್ಬರು. ನಿಜ ನುಡಿದರೆ ರಾಣಿ, ಅವಳ ಹಿಂದೆ ಬಹುಶಃ ಆ ಕೂಸು. ಎತ್ತ ತಿರುಗಿದರೂ ಅವನಿಗೆ ಗೋಡೆಯೇ ಎದುರಾಗುತ್ತಿತ್ತು.

ಮರುದಿನ ಸಾಮಂತರೂ ಸೆಟ್ಟಿಗಳೂ ಕಿಕ್ಕಿರಿದ ಸಭೆಯಲ್ಲಿ ಸಿಂಗಣ ಎದ್ದು ನಿಂತು, ಎರಡು ದೀಪಗಳ ಭೇದವನ್ನು ಮೊದಲು ಬಿಡಿಸಿ ಹೇಳಿದ. ಇಬ್ಬರ ಪದ್ಯಗಳನ್ನೂ ರಾಗದಲ್ಲಿ ಓದಿ ತೋರಿಸಿದ. ಸಭೆ ತಲೆದೂಗಿತು.

"ಹಾಗಾದರೆ ಇವರಿಬ್ಬರೂ ಅಲ್ಲ," ಎಂದ ಕಾಳರಸ. ಅವನ ಮುಖದಲ್ಲಿ ಗೆಲುವು ಕಾಣಿಸಿತು. "ಈ ಹಾಡು ಕಟ್ಟಿದವರ ಗುರುತೇನು? ಸಭೆಗೆ ತಿಳಿಯಲಿ."

"ಮುಚ್ಚಿದ ಮನೆಯಲ್ಲಿರುವವರು, ಪ್ರಭು. ಜೊತೆಯವರನ್ನು ಕಳೆದುಕೊಂಡವರು. ಮಾತಾಡಲು ಯಾರೂ ಇಲ್ಲದೆ ಗೋಡೆಯನ್ನು ನೋಡುತ್ತ ಕೂರುವವರು."

"ಅಂಥ ವಿಧವೆ..."

"ವಿಧುರ, ಪ್ರಭು," ಎಂದ ಸಿಂಗಣ. "ಹಾಡು ನನ್ನದು."

ಕಾಳರಸ ಪೀಠದಿಂದ ಅರ್ಧ ಎದ್ದ. "ನೀವು ಓದುವವರು. ಕಟ್ಟುವವರಲ್ಲ."

"ಹೆಂಡತಿ ಇರುವ ತನಕ ಕಟ್ಟುವ ಪ್ರಮೇಯ ಬಂದಿರಲಿಲ್ಲ. ಅವಳು ದಿನವೂ ಆ ಗೋಡೆ ಒರೆಸುತ್ತಿದ್ದಳು. ಅವಳು ಹೋದ ಮೇಲೆ ಒರೆಸಿದವರಿಲ್ಲ. ಭಟರನ್ನು ಕಳಿಸಿ ನೋಡಿಸಿ. ಹಾಡಿನಲ್ಲಿರುವುದು ಮನೆಯಲ್ಲೂ ಇದೆ."

ಭಟರು ಹೋಗಿ ಬಂದರು. ಗೂಡಿನ ಮೇಲೆ ಅಟ್ಟದವರೆಗೂ ಮಸಿ ಏರಿದೆ ಎಂದರು.

"ನಿಮ್ಮಿಂದ ಇದನ್ನು ಹಾಡಿಸಿದವರು ಯಾರು?" ಕಾಳರಸ ಹಲ್ಲು ಕಚ್ಚಿ ಕೇಳಿದ. "ಒಂದು ಹೆಸರು ಹೇಳಿ. ಜೀವ ಉಳಿಯುತ್ತದೆ."

"ಮಾಕಲೆ," ಎಂದ ಸಿಂಗಣ.

ಕವಿತೆ ಕವಿಯ ಗುರುತು ಹೇಳುತ್ತದೆಂದು ಇಡೀ ಸಭೆ ಆಗಷ್ಟೇ ಒಪ್ಪಿತ್ತು. ಆ ಗುರುತು ಈಗ ಗಮಕಿಯ ಮನೆಯ ಗೋಡೆಯ ಮೇಲೆ ಸಿಕ್ಕಿತ್ತು. ಅದನ್ನು ಬಿಟ್ಟು ಒಳಮನೆಯತ್ತ ಕೈ ತೋರಿಸಿದರೆ ಸಾಮಂತರು ಸುಮ್ಮನಿರುವುದಿಲ್ಲವೆಂಬುದು ಕಾಳರಸನಿಗೆ ಗೊತ್ತಿತ್ತು. ತಾನು ಒಡ್ಡಿದ ಬಲೆಯಲ್ಲಿ ತಾನೇ ನಿಂತು ಅವನು ತೀರ್ಪು ಕೊಟ್ಟ. ಕವಿಗಳಿಗೆ ಬಿಡುಗಡೆ, ಗಮಕಿಗೆ ಸಂಜೆಯ ನಗಾರಿಯ ಹೊತ್ತಿಗೆ ಶಿರಚ್ಛೇದ.

ಹೊರಗೆ ಕರೆದೊಯ್ಯುವಾಗ ಶಂಕಣ ಅಡ್ಡ ಬಂದ. ಗಡಿಯ ಯೋಧರು ಒಡೆಯನಿಗೆ ಮಾಡುವಂತೆ ಬಗ್ಗಿ ನೆಲ ಮುಟ್ಟಿದ.

ಒಮ್ಮೆ ಮನೆಗೆ ಹೋಗಿ ದೀಪ ಹಚ್ಚಿ ಬರುತ್ತೇನೆಂದು ಸಿಂಗಣ ಕೇಳಿಕೊಂಡ. ಕೆಂಚನೆಂಬ ಕಾವಲುಗಾರ ಜೊತೆಗೆ ಬಂದ. ಸಿಂಗಣ ಬತ್ತಿ ಹೊಸೆದು ಎಣ್ಣೆ ಹಾಕಿದ. ಆದರೆ ಹಚ್ಚಲಿಲ್ಲ. ಮೂಲೆಯಲ್ಲಿ ಮಾಕಲೆ ಇಟ್ಟಲ್ಲೇ ಒಣಗಿ ಸೆಟೆದುಕೊಂಡಿದ್ದ ಬಟ್ಟೆಯನ್ನು ತೆಗೆದುಕೊಂಡ. ನೀರಲ್ಲಿ ಅದ್ದಿದ. ಗೋಡೆ ಒರೆಸತೊಡಗಿದ.

"ಈಗ ಯಾಕೆ ಸ್ವಾಮಿ?" ಎಂದ ಕೆಂಚ. "ಇಷ್ಟು ದಿನ ಬಿಟ್ಟವರು."

"ಅವಳು ಇಲ್ಲದ್ದಕ್ಕೆ ಅದೊಂದು ಗುರುತು ಇತ್ತಪ್ಪ. ಒರೆಸಲು ಮನಸ್ಸು ಬರಲಿಲ್ಲ." ಸಿಂಗಣ ಬಟ್ಟೆ ಹಿಂಡಿದ. ಕೈಯೆಲ್ಲ ಕಪ್ಪಾಗಿತ್ತು. "ಹೀಗೇ ಬಿಟ್ಟು ಹೋದರೆ ಅಲ್ಲಿ ಅವಳು ಬೈತಾಳೆ."

ಕೆಂಚ ಈಟಿಯನ್ನು ಗೋಡೆಗೊರಗಿಸಿ, ಹೋಗಿ ಇನ್ನೊಂದು ಕೊಡ ನೀರು ತಂದ.

ಸಂಜೆ ನಗಾರಿ ಬಡಿಯಿತು.

ಹೊಳೆಯ ನೀರು ಇಳಿದ ಮೇಲೆ ಬೈಚರಸನ ದಂಡು ದಾಟಿ ಬಂತು. ಸಾಮಂತರು ಕೋಟೆಯ ಬಾಗಿಲನ್ನು ಒಳಗಿನಿಂದಲೇ ತೆರೆದರು, ಕಾಳರಸ ಸೆರೆಯಾದ. ಸಭೆಯಲ್ಲಿ ನಡೆದದ್ದನ್ನೆಲ್ಲ ಕೇಳಿದ್ದ ಲಕುಮಾದೇವಿ ಕೋಣೆಯಿಂದ ಹೊರಬಂದು, ಅಣ್ಣನ ಪಲ್ಲಕ್ಕಿಯನ್ನು ಒಲ್ಲದೆ, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಗಮಕಿಯ ಮನೆ ಎಲ್ಲಿ ಎಂದು ಕೇಳುತ್ತ ನಡೆದಳು. ಕೆಂಚ ದಾರಿ ತೋರಿಸಿದ.

"ಮಸಿ ಎಲ್ಲಿ?" ಎಂದು ಕೇಳಿದಳು.

"ಒರೆಸಿಬಿಟ್ಟರು ತಾಯಿ."

ರಾಣಿ ಗೂಡಿನ ಹತ್ತಿರ ಹೋದಳು. ಮಸಿಯನ್ನು ಎಷ್ಟು ತಿಕ್ಕಿದರೂ ಗೋಡೆ ಒಂದು ಛಾಯೆಯನ್ನು ಉಳಿಸಿಕೊಳ್ಳುತ್ತದೆ. ಕೈಯಾರೆ ಒರೆಸಿದವರಿಗೆ ಮಾತ್ರ ಅದು ಕಾಣುತ್ತದೆ. ಅವಳಿಗೆ ಕಂಡಿತು. ಅದರ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತಳು. ಆಮೇಲೆ, ಎಣ್ಣೆ ಹಾಕಿ ಹಚ್ಚದೆ ಬಿಟ್ಟಿದ್ದ ಬತ್ತಿಯನ್ನು ತಾನೇ ಹಚ್ಚಿದಳು.

ಹಿತ್ತಿಲಾಚೆ ಯಾರದೋ ಮನೆಯಲ್ಲಿ ಒನಕೆ ಬೀಳುತ್ತಿತ್ತು. ಹೆಂಗಸೊಬ್ಬಳು ಮೆಲ್ಲನೆ ಹಾಡು ಎತ್ತಿಕೊಂಡಳು. ಒನಕೆಯ ಲಯ ಕೂಡಿಕೊಂಡಿತು.